ಕೊಳ್ಳುವ ಮೊದಲು ಒಂದು ಡೋಲು ಮಾಡಿ ನೋಡಿ



ನಿಮ್ಮ ಶಾಲೆಯಲ್ಲಿ ಎಷ್ಟು ಡೋಲುಗಳಿವೆ? ಬಸವಕಲ್ಯಾಣದ ಕಡೆಯ ಶಾಲೆಯಾಗಲಿ, ಹುಮನಾಬಾದ್ ಕಡೆಯ ಶಾಲೆಯಾಗಲಿ, ಒಂದೋ ಎರಡೋ ಇದ್ದರೆ ಹೆಚ್ಚು. ಆಗಸ್ಟ್ 15, ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವ, ಜನವರಿ 26 ಹತ್ತಿರ ಬಂದಾಗ ಅವು ಬೀರುವಿನಿಂದ ಹೊರಗೆ ಬರುತ್ತವೆ. ಒಬ್ಬರು ಬಾರಿಸುತ್ತಾರೆ. ಉಳಿದವರು ಹೆಜ್ಜೆ ಹಾಕುತ್ತಾರೆ. ಹಬ್ಬ ಮುಗಿದ ಮೇಲೆ ಡೋಲು ಮತ್ತೆ ಬೀರುವಿಗೆ ಹೋಗುತ್ತದೆ. ಅದನ್ನು ಒಮ್ಮೆಯೂ ಮುಟ್ಟದೆ ಏಳನೆಯ ತರಗತಿ ಮುಗಿಸುವ ಮಕ್ಕಳು ಎಷ್ಟೋ ಜನ.

ಇನ್ನಷ್ಟು ಕೊಳ್ಳೋಣವೆಂದರೆ ಹಣದ ಕೊರತೆ. ಹಾಗಾದರೆ ಮನೆಯಲ್ಲೇ ಮಾಡಿಕೊಂಡರೆ ಆಗದೇ? ಖಂಡಿತ ಆಗುತ್ತದೆ. ಪ್ರತಿಯೊಬ್ಬರೂ ಒಂದು ಡೋಲು ಮಾಡಲೇಬೇಕು ಎಂಬುದು ನನ್ನ ಅಭಿಪ್ರಾಯ. ಆದರೆ ಹಣ ಉಳಿಯುತ್ತದೆ ಎಂಬುದಷ್ಟೇ ಅದಕ್ಕೆ ಕಾರಣವಲ್ಲ. ಹಣಕ್ಕಿಂತ ದೊಡ್ಡ ಲಾಭಗಳು ಎರಡಿವೆ. ಮೊದಲು ಡೋಲು ಮಾಡೋಣ, ಆಮೇಲೆ ಆ ಲಾಭಗಳನ್ನು ನೋಡೋಣ.

ಮಾಡುವ ಬಗೆ

ಹಾಲಿನ ಪುಡಿಯದೋ ಬಿಸ್ಕತ್ತಿನದೋ ಒಂದು ಖಾಲಿ ಡಬ್ಬಿ ತೆಗೆದುಕೊಳ್ಳಿ. ಅಂಚು ಹರಿತವಾಗಿದ್ದರೆ ಅದರ ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ. ದೊಡ್ಡ ಬಲೂನಿನ ಕುತ್ತಿಗೆಯನ್ನು ಕತ್ತರಿಸಿ ತೆಗೆಯಿರಿ. ಉಳಿದ ಭಾಗವನ್ನು ಡಬ್ಬಿಯ ಬಾಯಿಗೆ ಸುಕ್ಕಿಲ್ಲದಂತೆ ಎಳೆದು ಹೊದಿಸಿ. ಸೈಕಲ್ ಅಂಗಡಿಯಲ್ಲಿ ಎಸೆದ ಹಳೆಯ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ ಸುತ್ತಲೂ ಬಿಗಿಯಾಗಿ ಕಟ್ಟಿ. ಡೋಲು ಸಿದ್ಧ! ಖರ್ಚು ಬಲೂನಿನದು ಮಾತ್ರ.

ಒಂದು ಎಚ್ಚರಿಕೆ. ತೊಗರಿಗೆ ಸಿಂಪಡಿಸುವ ಕೀಟನಾಶಕದ ಡಬ್ಬಿಯನ್ನಾಗಲಿ, ರಾಸಾಯನಿಕ ತುಂಬಿದ್ದ ಡ್ರಮ್ಮನ್ನಾಗಲಿ ಎಷ್ಟು ತೊಳೆದಿದ್ದರೂ ಬಳಸಕೂಡದು. ಹಾಗೆಯೇ ಯಾರ ಕಿವಿಯ ಹತ್ತಿರವೂ ಡೋಲು ಬಾರಿಸಬೇಡಿ.

ಮೊದಲ ಲಾಭ: ಶಬ್ದ ಕೈಗೆ ಸಿಗುತ್ತದೆ

ಕಂಪನದಿಂದ ಶಬ್ದ ಹುಟ್ಟುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ಅದನ್ನು ಕಣ್ಣಿನಿಂದ ನೋಡಿದ್ದೀರಾ? ನಿಮ್ಮ ಡೋಲಿನ ಮೇಲೆ ಒಂದು ಚಿಟಿಕೆ ರವೆ ಉದುರಿಸಿ. ಡೋಲನ್ನು ಮುಟ್ಟದೆ, ಅದರ ಸಮೀಪದಲ್ಲಿ ಸ್ಟೀಲಿನ ತಟ್ಟೆಯೊಂದನ್ನು ಜೋರಾಗಿ ಬಾರಿಸಿ. ರವೆ ಕುಣಿಯುತ್ತದೆ. ತಟ್ಟೆಯ ಕಂಪನ ಗಾಳಿಯ ಮೂಲಕ ಸಾಗಿ ಬಂದು ಬಲೂನಿನ ಪೊರೆಯನ್ನು ಅಲುಗಿಸಿತು. ನಿಮ್ಮ ಕಿವಿಯ ತಮಟೆಯೂ ಹೀಗೆಯೇ ಅಲುಗುತ್ತದೆ.

ಈಗ ಬಲೂನನ್ನು ಇನ್ನಷ್ಟು ಬಿಗಿಯಾಗಿ ಎಳೆದು ಕಟ್ಟಿ ಬಾರಿಸಿ. ಸ್ಥಾಯಿ ಏರುತ್ತದೆ. ಸಡಿಲ ಬಿಟ್ಟರೆ ಇಳಿಯುತ್ತದೆ. ಇದರ ಲೆಕ್ಕವೂ ಇದೆ. ಪೊರೆ ಅದೇ ಇದ್ದು ಬಿಗಿತ ನಾಲ್ಕು ಪಟ್ಟಾದರೆ ಆವೃತ್ತಿ ಎರಡು ಪಟ್ಟಾಗುತ್ತದೆ. ಬಿಗಿತ ಬದಲಾಗದೆ ಡೋಲಿನ ಬಾಯಿಯ ಅಗಲ ಅರ್ಧವಾದರೂ ಆವೃತ್ತಿ ಎರಡು ಪಟ್ಟಾಗುತ್ತದೆ. ದೊಡ್ಡ ಡೋಲು ಗುಡುಗುವುದು, ಸಣ್ಣದು ಕಿಣಿಕಿಣಿ ಎನ್ನುವುದು ಇದರಿಂದಲೇ.

ಜಾತ್ರೆಯಲ್ಲಿ ಹಲಗಿ ಬಾರಿಸುವವರು ನಡುನಡುವೆ ಹುಲ್ಲಿಗೋ ಕಾಗದಕ್ಕೋ ಬೆಂಕಿ ಹಚ್ಚಿ ಹಲಗಿಯನ್ನು ಕಾಯಿಸುವುದನ್ನು ನೀವು ನೋಡಿರಬಹುದು. ಏಕೆ ಗೊತ್ತೇ? ಚರ್ಮ ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. ಕಾಯಿಸಿದಾಗ ತೇವ ಆರಿ ಚರ್ಮ ಬಿಗಿಯಾಗುತ್ತದೆ, ಸದ್ದು ಮತ್ತೆ ಖಣಖಣಿಸುತ್ತದೆ. ಮಳೆಗಾಲದ ಆಗಸ್ಟ್ 15ರಂದು ಚರ್ಮದ ಡೋಲು ಮಂಕಾಗಿ ಕೇಳಿಸುವುದಕ್ಕೂ ಇದೇ ಕಾರಣ. ಈ ತೊಂದರೆ ತಪ್ಪಿಸಲು ಅಮೆರಿಕದ ರೆಮೋ ಬೆಲ್ಲಿ ಎಂಬ ಡ್ರಮ್ ವಾದಕರು 1957ರಲ್ಲಿ ಪಾಲಿಯೆಸ್ಟರ್ ಹಾಳೆಯ ಹೊದಿಕೆಗಳನ್ನು ತಯಾರಿಸತೊಡಗಿದರು. ಇಂದಿನ ಬ್ಯಾಂಡಿನ ಡ್ರಮ್ಮುಗಳ ಮೇಲಿರುವುದು ಇಂಥದೇ ಹೊದಿಕೆ.

ಇನ್ನೊಂದು ಪ್ರಯೋಗ. ಗೋಧಿ ಹಿಟ್ಟನ್ನು ಕಲಸಿ ಕಡಲೆಕಾಳಿನಷ್ಟು ತೆಗೆದುಕೊಂಡು ಪೊರೆಯ ನಟ್ಟನಡುವೆ ಮೆತ್ತಿ ಬಾರಿಸಿ. ಸ್ಥಾಯಿ ಇಳಿಯಿತಲ್ಲವೇ? ನಡುವೆ ಭಾರ ಹೆಚ್ಚಿದಾಗ ಪೊರೆ ನಿಧಾನವಾಗಿ ಕಂಪಿಸುತ್ತದೆ. ಪಖಾವಾಜಿನ ಎಡಭಾಗಕ್ಕೆ ವಾದಕರು ಮೆತ್ತುವುದೂ ಗೋಧಿ ಹಿಟ್ಟನ್ನೇ!

ಹುಮನಾಬಾದಿನ ಪಕ್ಕದ ಮಾಣಿಕನಗರ ಸಂಗೀತಕ್ಕೆ ಹೆಸರಾದ ಊರು. ದತ್ತ ಜಯಂತಿಯ ಉತ್ಸವಕ್ಕೆ ಹೋದರೆ ತಬಲಾವನ್ನು ಗಮನಿಸಿ ನೋಡಿ. ಅದರ ಮೇಲೆ ಕಪ್ಪು ಬೊಟ್ಟೊಂದು ಇರುತ್ತದೆ. ಅದು ಅಲಂಕಾರಕ್ಕಲ್ಲ. ಸಾಮಾನ್ಯ ಡೋಲನ್ನು ಬಾರಿಸಿದಾಗ ಮೂಲಸ್ವರದ ಜೊತೆಗೆ ಬೇರೆ ಸ್ವರಗಳೂ ಹುಟ್ಟುತ್ತವೆ. ಅವುಗಳ ಆವೃತ್ತಿ ಮೂಲಸ್ವರದ ಸರಿಯಾದ ಎರಡು ಪಟ್ಟು, ಮೂರು ಪಟ್ಟು ಆಗಿರುವುದಿಲ್ಲ, 1.59 ಪಟ್ಟು, 2.14 ಪಟ್ಟು ಎಂಬಂತೆ ಅಡ್ಡಾದಿಡ್ಡಿಯಾಗಿರುತ್ತದೆ. ಆದ್ದರಿಂದ ನಮಗೆ ಕೇಳಿಸುವುದು ಬರಿಯ ‘ಢಬ್’. ಕಪ್ಪು ಲೇಪವನ್ನು ಪದರ ಪದರವಾಗಿ ಹಚ್ಚಿ ಉಜ್ಜಿದಾಗ ಈ ಸ್ವರಗಳು ಹೆಚ್ಚುಕಡಿಮೆ ಎರಡು, ಮೂರು, ನಾಲ್ಕು ಪಟ್ಟುಗಳಿಗೆ ಬಂದು ನಿಲ್ಲುತ್ತವೆ. ಆಗ ತಬಲಾ ಹಾಡಿನ ಶ್ರುತಿಗೆ ಹೊಂದುತ್ತದೆ.

ಇದನ್ನು ಜಗತ್ತಿಗೆ ವಿವರಿಸಿದವರು ಸರ್ ಸಿ.ವಿ. ರಾಮನ್. ಶಿವಕಾಳಿ ಕುಮಾರ್ ಅವರೊಡನೆ 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. 1934ರಲ್ಲಿ ಭಾರತೀಯ ಚರ್ಮವಾದ್ಯಗಳ ಬಗ್ಗೆ ಮತ್ತಷ್ಟು ವಿವರವಾಗಿ ಬರೆದರು. ಆದರೆ ಒಂದು ಮಾತು ನೆನಪಿಡಿ. ರಾಮನ್ ವಿವರಿಸುವುದಕ್ಕೆ ಬಹಳ ಹಿಂದೆಯೇ ಆ ಕಪ್ಪು ಬೊಟ್ಟು ಇತ್ತು. ಯಂತ್ರವಿಲ್ಲದೆ, ಸೂತ್ರವಿಲ್ಲದೆ, ಕೈಯಿಂದ ಉಜ್ಜಿ ಕಿವಿಯಿಂದ ಪರೀಕ್ಷಿಸಿ ಅದನ್ನು ಕಂಡುಹಿಡಿದವರು ವಾದ್ಯ ಮಾಡುವ ಕುಶಲಕರ್ಮಿಗಳು. ಅವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಎರಡನೆಯ ಲಾಭ: ಮಾಡುವ ಕೈಗೆ ಗೌರವ

ಬಲೂನು ಕಟ್ಟುವಾಗಲೇ ನಿಮಗೆ ಕಷ್ಟ ತಿಳಿದಿರುತ್ತದೆ. ಒಂದು ಕಡೆ ಬಿಗಿಯಾದರೆ ಇನ್ನೊಂದು ಕಡೆ ಸಡಿಲ. ಸುತ್ತಲೂ ಒಂದೇ ಬಿಗಿತ ಬರಲು ನಾಲ್ಕಾರು ಸಲ ಬಿಚ್ಚಿ ಕಟ್ಟಬೇಕು. ಹಾಗಾದರೆ ಚರ್ಮವನ್ನು ಹದಮಾಡಿ, ಕೂದಲು ತೆಗೆದು, ನೆನೆಸಿ, ಮರದ ಬಳೆಗೆ ಎಳೆದು ಕಟ್ಟುವ ಕೆಲಸಕ್ಕೆ ಎಷ್ಟು ಅನುಭವ ಬೇಕು! ಸ್ವತಃ ಮಾಡಿ ನೋಡಿದವರಿಗೆ ಮಾತ್ರ ಇದು ಅರ್ಥವಾಗುತ್ತದೆ.

ನಮ್ಮ ಊರುಗಳಲ್ಲಿ ಮದುವೆಗೆ, ಜಾತ್ರೆಗೆ, ಮೊಹರಮ್ಮಿಗೆ, ಸಾವಿಗೆ ಹಲಗಿ ಬೇಕು. ಆದರೆ ಹಲಗಿ ಮಾಡುವವರನ್ನೂ ಬಾರಿಸುವವರನ್ನೂ ಬಹುಕಾಲ ಊರ ಹೊರಗೆ, ಗುಡಿಯ ಹೊರಗೆ ನಿಲ್ಲಿಸಲಾಯಿತು. ಹಲಗಿಯ ಸದ್ದು ಬೇಕು, ಹಲಗಿಯವರು ಬೇಡ ಎನ್ನುವುದು ಯಾವ ನ್ಯಾಯ? ನಮ್ಮ ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಪಡಿಸಿದೆ. ಅದಕ್ಕಿಂತ ಎಂಟು ಶತಮಾನಗಳ ಹಿಂದೆ ಇದೇ ಕಲ್ಯಾಣದ ಶರಣರಲ್ಲಿ ಚರ್ಮ ಹದಮಾಡುವ ಡೋಹರ ಕಕ್ಕಯ್ಯನವರಿದ್ದರು, ಡಕ್ಕೆ ಬಾರಿಸುವ ಡಕ್ಕೆಯ ಬೊಮ್ಮಣ್ಣನವರೂ ಇದ್ದರು. ಇಬ್ಬರೂ ವಚನಕಾರರು. ಯಾವ ಕಾಯಕವೂ ಕೀಳಲ್ಲ ಎಂದು ಸಾರಿದ ನೆಲದಲ್ಲಿ ಓದುತ್ತಿರುವ ನೀವು ಚರ್ಮವಾದ್ಯ ಮುಟ್ಟಲು ಹಿಂಜರಿಯಬಾರದು. ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಹಲಗಿ ಇದ್ದರೆ ಸಂಕೋಚಪಡಬೇಡಿ. ಶಬ್ದದ ಪಾಠದ ದಿನ ನೀವೇ ತರಗತಿಯ ಗುರುಗಳು.

ಡಬ್ಬಿಯ ಡೋಲು ಬರೀ ಆಟಿಕೆ ಎಂದು ಯಾರಾದರೂ ನಕ್ಕರೆ ಅವರಿಗೆ ಟ್ರಿನಿಡಾಡಿನ ಕಥೆ ಹೇಳಿ. ಅದು ವೆಸ್ಟ್ ಇಂಡೀಸಿನ ಒಂದು ದ್ವೀಪ. ಬ್ರಿಟಿಷ್ ಆಡಳಿತ ಅಲ್ಲಿನ ಬಡವರ ಚರ್ಮದ ಡೋಲುಗಳಿಗೆ 1880ರ ದಶಕದಲ್ಲಿ ನಿರ್ಬಂಧ ಹಾಕಿತು. ಜನ ಬಿದಿರಿನ ತುಂಡುಗಳನ್ನು ಕುಟ್ಟಿದರು. 1930ರ ದಶಕದಲ್ಲಿ ಬಿಸ್ಕತ್ತಿನ ಡಬ್ಬಿಗಳನ್ನು, ಆಮೇಲೆ ಎಣ್ಣೆಯ ಪೀಪಾಯಿಗಳನ್ನು ಬಾರಿಸಿದರು. ಪೀಪಾಯಿಯ ತಳವನ್ನು ಸುತ್ತಿಗೆಯಿಂದ ತಟ್ಟಿ ಒಂದೊಂದು ಭಾಗಕ್ಕೆ ಒಂದೊಂದು ಸ್ವರ ಬರಿಸಿದರು. 1951ರಲ್ಲಿ ಅಂಥ ವಾದ್ಯಗಳ ತಂಡವೊಂದು ಲಂಡನ್ನಿಗೆ ಹೋಗಿ ನುಡಿಸಿತು. ‘ಸ್ಟೀಲ್‌ಪ್ಯಾನ್’ ಎಂಬ ಆ ವಾದ್ಯ ಇಂದು ಆ ದೇಶದ ರಾಷ್ಟ್ರವಾದ್ಯ.

ಹಾಗಾದರೆ ಏನು ಮಾಡೋಣ?

ಎಲ್ಲವನ್ನೂ ನಾವೇ ಮಾಡಿಕೊಳ್ಳೋಣ, ಕುಶಲಕರ್ಮಿಗೆ ದುಡ್ಡು ಏಕೆ ಕೊಡಬೇಕು ಎನ್ನುವವರೂ ಇದ್ದಾರೆ. ಅದನ್ನು ನಾನು ಒಪ್ಪುವುದಿಲ್ಲ. ಬಲೂನಿನ ಡೋಲು ಕಲಿಯುವುದಕ್ಕೆ ಸಾಕು, ಮೆರವಣಿಗೆಗೆ ಸಾಲದು. ಕೆಲವೇ ದಿನಗಳಲ್ಲಿ ಅದು ಹರಿಯುತ್ತದೆ. ಇತ್ತ ಅಗ್ಗದ ಪ್ಲಾಸ್ಟಿಕ್ ಡೋಲು ತಂದರೆ ಸದ್ದೇನೋ ಬರುತ್ತದೆ, ಆದರೆ ಅದರೊಳಗಿನ ಕೆಲಸ ನಮಗೆ ತಿಳಿಯುವುದಿಲ್ಲ, ನಮ್ಮೂರಿನ ಕೈಗೆ ಕೆಲಸವೂ ಸಿಗುವುದಿಲ್ಲ.

ಆದ್ದರಿಂದ ನನ್ನ ಸಲಹೆ ಇಷ್ಟೆ: ಮೂವತ್ತು ಡೋಲು ಮಾಡಿ, ಒಂದನ್ನು ಕೊಳ್ಳಿ. ತರಗತಿಯ ಮೂವತ್ತು ಮಕ್ಕಳೂ ತಮ್ಮ ತಮ್ಮ ಮನೆಯಲ್ಲಿ ಒಂದೊಂದು ಡೋಲು ಮಾಡಲಿ. ಆಗ ಬಾರಿಸುವವರು ಒಬ್ಬರು, ನೋಡುವವರು ಇಪ್ಪತ್ತೊಂಬತ್ತು ಜನ ಎಂಬ ಸ್ಥಿತಿ ಇರುವುದಿಲ್ಲ. ನಾಲ್ಕಾರು ಡೋಲು ಕೊಳ್ಳಬೇಕೆಂದು ಎತ್ತಿಟ್ಟ ಹಣದಲ್ಲಿ ಒಂದೇ ಒಂದು ಒಳ್ಳೆಯ ಹಲಗಿಯನ್ನು ನಿಮ್ಮ ಊರಿನ ಅಥವಾ ಪಕ್ಕದೂರಿನ ಕುಶಲಕರ್ಮಿಯಿಂದ ಕೊಳ್ಳಲಿ. ಅವರನ್ನು ಫೆಬ್ರುವರಿ 28ರ ರಾಷ್ಟ್ರೀಯ ವಿಜ್ಞಾನ ದಿನದಂದು ಶಾಲೆಗೆ ಕರೆದು ಕುರ್ಚಿ ಹಾಕಿ ಕೂರಿಸಿ. ಚರ್ಮ ಎಷ್ಟು ಹೊತ್ತು ನೆನೆಯಬೇಕು, ಎಷ್ಟು ಕಾಯಬೇಕು, ಹದ ಬಂದದ್ದು ಹೇಗೆ ಗೊತ್ತಾಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಬೆಲೆ ಕೇಳಿದಾಗ ಚೌಕಾಸಿ ಮಾಡಬೇಡಿ. ಆ ಬೆಲೆ ಹೆಚ್ಚೋ ಕಡಿಮೆಯೋ ಎಂಬುದನ್ನು ಬಲೂನು ಕಟ್ಟಿ ನೋಡಿದ ನಿಮ್ಮ ಬೆರಳುಗಳೇ ಹೇಳುತ್ತವೆ.

ಇದೇ ಭಾನುವಾರ ಒಂದು ಡಬ್ಬಿ ಹುಡುಕಿ. ಸೋಮವಾರ ಡೋಲನ್ನು ಶಾಲೆಗೆ ತನ್ನಿ. ಯಾರದು ಹೆಚ್ಚು ಜೋರು ಎಂದು ಪಂದ್ಯ ಕಟ್ಟುವ ಬದಲು ಯಾರದು ಏಕೆ ಬೇರೆ ಸ್ವರ ಕೊಡುತ್ತದೆ ಎಂದು ನಿಮ್ಮ ಶಿಕ್ಷಕರೊಡನೆ ಚರ್ಚಿಸಿ.