ಲೈಬ್ರರಿಯಲ್ಲಿ ನಿಧಿ ಬಚ್ಚಿಡೋಣ, ಆದ್ರೆ ಕೇಳಿ ಬಚ್ಚಿಡೋಣ

(1/6)
ನೇರವಾಗಿ ವಿಷಯಕ್ಕೆ ಬರ್ತೀನಿ. ನಮ್ಮ ಸಾರ್ವಜನಿಕ ಗ್ರಂಥಾಲಯಗಳ ಒಳಗೆ ಒಂದೊಂದು ಜಿಯೋಕ್ಯಾಶ್ ಇರಬೇಕು. ಸುಮ್ನೆ ಮೂಲೆಯಲ್ಲಿಟ್ಟ ಡಬ್ಬಿ ಅಲ್ಲ, ಒಗಟು ಬಿಡಿಸಿದ್ರೆ ಮಾತ್ರ ಸಿಗೋ ಡಬ್ಬಿ. "ಲೈಬ್ರರಿ ಏನು ಆಟದ ಮೈದಾನಾನಾ?" ಅಂತ ಕೇಳೋರಿಗೂ ಕೆಳಗೆ ಉತ್ತರ ಇದೆ, ಪೂರ್ತಿ ಓದಿ.

ಗೊತ್ತಿಲ್ಲದವರಿಗೆ: ಜಿಯೋಕ್ಯಾಶಿಂಗ್ ಅಂದ್ರೆ ಜಿಪಿಎಸ್ ಹಿಡಿದು ಆಡೋ ನಿಧಿ ಹುಡುಕಾಟ. ಮೊದಲು ಅಮೆರಿಕ ಸರ್ಕಾರ ಸಾಮಾನ್ಯ ಜನಕ್ಕೆ ಸಿಗೋ ಜಿಪಿಎಸ್ ಸಿಗ್ನಲ್‌ನ ಬೇಕಂತಲೇ ಕೆಡಿಸಿ ಕೊಡ್ತಿತ್ತು. 2000ರ ಮೇ 2ರಂದು ಅದನ್ನ ನಿಲ್ಲಿಸಿದರು. ಮಾರನೇ ದಿನವೇ ಡೇವ್ ಉಲ್ಮರ್ ಅನ್ನೋರು ಆರೆಗಾನ್ ರಾಜ್ಯದ ಬೀವರ್‌ಕ್ರೀಕ್ ಹತ್ತಿರದ ಕಾಡಲ್ಲಿ ಒಂದು ಪ್ಲಾಸ್ಟಿಕ್ ಬಕೆಟ್ ಇಟ್ಟು, ಅದರ ಅಕ್ಷಾಂಶ ರೇಖಾಂಶವನ್ನ ಇಂಟರ್‌ನೆಟ್‌ಗೆ ಹಾಕಿದರು. ಒಳಗೆ ಬೀನ್ಸ್ ಡಬ್ಬಿ, ಸ್ವಲ್ಪ ದುಡ್ಡು, ಕವಣೆಯ ಹಿಡಿ, ಇನ್ನೂ ಏನೇನೋ. ಜೊತೆಗೆ ಒಂದು ಪುಸ್ತಕ. ಹೌದು, ಜಗತ್ತಿನ ಮೊದಲ ಕ್ಯಾಶ್‌ನಲ್ಲೇ ಪುಸ್ತಕ ಇತ್ತು!

(2/6)
ಒಗಟಿನ ಕ್ಯಾಶ್‌ಗೆ ಮ್ಯಾಪ್‌ನಲ್ಲಿ ನೀಲಿ ಪ್ರಶ್ನಾರ್ಥಕ ಚಿಹ್ನೆ ಇರುತ್ತೆ. ಅಲ್ಲಿ ತೋರಿಸೋ ಜಾಗ ಸಾಮಾನ್ಯವಾಗಿ ಅಸಲಿ ಜಾಗ ಅಲ್ಲ. ಒಗಟು ಬಿಡಿಸಿದ ಮೇಲೆ ನಿಜವಾದ ಅಂಕಿ ಸಿಗುತ್ತೆ.

ಅಮೆರಿಕದ ಲೈಬ್ರರಿಗಳಲ್ಲಿ ಇಂಥ ಕ್ಯಾಶ್‌ಗಳು ಹೊಸದೇನಲ್ಲ. ಅಲ್ಲಿ ಒಂದು ಮಜಾ ಇದೆ. ಕಾಂಕ್ರೀಟ್ ಛಾವಣಿಯ ಕೆಳಗೆ ಜಿಪಿಎಸ್ ಸರಿಯಾಗಿ ಕೆಲಸ ಮಾಡಲ್ಲ. ಹಾಗಾಗಿ ಉಪಗ್ರಹದ ಕೆಲಸ ಬಾಗಿಲ ತನಕ ಮಾತ್ರ. ಹೊಸ್ತಿಲು ದಾಟಿದ ಮೇಲೆ ದಾರಿ ತೋರಿಸೋದು ಪುಸ್ತಕದ ಬೆನ್ನಿಗೆ ಅಂಟಿಸಿದ ಚೀಟಿ, ಅಂದ್ರೆ ಕಾಲ್ ನಂಬರ್.

1876ರಲ್ಲಿ ಮೆಲ್ವಿಲ್ ಡ್ಯೂಯಿ ಮಾಡಿದ ದಶಮಾಂಶ ವರ್ಗೀಕರಣದಲ್ಲಿ ಪ್ರತಿ ವಿಷಯಕ್ಕೂ ಒಂದು ವಿಳಾಸ ಇದೆ. 657 ಅಂದ್ರೆ ಅಕೌಂಟಿಂಗ್, ನಮ್ಮ ಬಿಕಾಂನವರ ಬೀದಿ. 796 ಆಟೋಟ. ಕನ್ನಡ ಸಾಹಿತ್ಯ 894.814. ಎಷ್ಟು ಅಂಕಿ, ಎಣಿಸಿ. ಆರು. ಒಗಟಿನ ಕ್ಯಾಶ್‌ಗಳಲ್ಲಿ ಸಾಮಾನ್ಯವಾಗಿ ಕಂಡುಹಿಡಿಯಬೇಕಾದ್ದೂ ಆರೇ ಅಂಕಿ: ಅಕ್ಷಾಂಶದ ಕೊನೆಯ ಮೂರು, ರೇಖಾಂಶದ ಕೊನೆಯ ಮೂರು. ಆರು ಅಂಕಿ ನಿಮ್ಮನ್ನ ಬಾಗಿಲಿಗೆ ತರುತ್ತೆ, ಬಾಗಿಲಲ್ಲಿ ಸಿಗೋ ಇನ್ನೊಂದು ಸುಳಿವು ಬೇರೆ ಆರು ಅಂಕಿ ಕೊಟ್ಟು ಕಪಾಟಿಗೆ ಕರ್ಕೊಂಡು ಹೋಗುತ್ತೆ. ಅಲ್ಲಿ ಪುಸ್ತಕಗಳ ಮಧ್ಯೆ ಪುಸ್ತಕದ ವೇಷ ಹಾಕಿಕೊಂಡು ಒಂದು ಡಬ್ಬಿ ನಿಂತಿರುತ್ತೆ. ತೆಗೀರಿ, ಒಳಗಿನ ಪುಟ್ಟ ಪುಸ್ತಕದಲ್ಲಿ ಹೆಸರು ಬರೀರಿ, ಇದ್ದಲ್ಲೇ ಇಡಿ.

(3/6)
ಇದರಿಂದ ಏನು ಲಾಭ? ಕಾಮರ್ಸ್ ಭಾಷೇಲೇ ಹೇಳ್ತೀನಿ.

ಆಡಿಟಿಂಗ್‌ನಲ್ಲಿ ಸ್ಟಾಕ್ ವೆರಿಫಿಕೇಷನ್ ಅಂತ ಓದ್ತೀವಿ. ರಿಜಿಸ್ಟರ್‌ನಲ್ಲಿ ನೂರು ಮೂಟೆ ಇದೆ ಅಂದ ಮಾತ್ರಕ್ಕೆ ಗೋಡೌನ್‌ನಲ್ಲಿ ನೂರು ಮೂಟೆ ಇದೆ ಅಂತಲ್ಲ, ಹೋಗಿ ಎಣಿಸಬೇಕು. ಒಗಟಿನ ಕ್ಯಾಶ್ ಲೈಬ್ರರಿಗೆ ಮಾಡೋದು ಅದನ್ನೇ. 894.814 ಅನ್ನೋ ಪುಸ್ತಕ ನಿಜವಾಗ್ಲೂ 894.814ರ ಜಾಗದಲ್ಲಿ ಇದ್ರೆ ಮಾತ್ರ ಆಟ ನಡೆಯುತ್ತೆ. ಪುಸ್ತಕಗಳು ಅಡ್ಡಾದಿಡ್ಡಿ ಇದ್ರೆ, ಕಪಾಟಿಗೆ ಬೀಗ ಬಿದ್ದಿದ್ರೆ, ಚೀಟಿ ಉದುರಿ ಹೋಗಿದ್ರೆ ಒಗಟು ಅಲ್ಲೇ ಸತ್ತುಹೋಗುತ್ತೆ. ಹುಡುಕಿ ಸಿಗದವರು "ಸಿಗಲಿಲ್ಲ" ಅಂತ ಬರೀತಾರೆ. ಅದೇ ಆಡಿಟ್ ರಿಪೋರ್ಟ್, ಅದೂ ಫೀಸ್ ಇಲ್ಲದೆ.

ಈ ಆಡಿಟ್ ಕೇಳೋ ಹಕ್ಕು ನಮಗಿದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂದಾಗಿಂದ ಆಸ್ತಿ ತೆರಿಗೆ ಜೊತೆ ಗ್ರಂಥಾಲಯ ಸೆಸ್ ಇದೆ, ತೆರಿಗೆಯ ಮೇಲೆ ಶೇಕಡಾ 6. ಮನೆಯ ಕಂದಾಯದ ರಸೀದಿ ತೆಗೆದು ನೋಡಿ. ಬಾಡಿಗೆ ಮನೆಯಲ್ಲಿದ್ರೂ ಓನರ್ ಅದನ್ನ ಬಾಡಿಗೆಯಲ್ಲಿ ಸೇರಿಸಿಯೇ ಇರ್ತಾರೆ. ದುಡ್ಡು ಕಟ್ಟಿ ಆಗಿದೆ, ಕಪಾಟಿನ ಹತ್ತಿರ ಹೋಗೋದೊಂದು ಬಾಕಿ.

(4/6)
ಈಗ ಆಕ್ಷೇಪಣೆಗಳು.

"ಪರೀಕ್ಷೆಗೆ ಓದೋರಿಗೆ ತೊಂದರೆ ಆಗುತ್ತೆ." ನ್ಯಾಯವಾದ ಮಾತು. ರೀಡಿಂಗ್ ಹಾಲ್‌ನಲ್ಲಿ ಬೆಳಿಗ್ಗೆಯಿಂದ ಕೂತು ಕೆಪಿಎಸ್‌ಸಿಗೆ, ಬ್ಯಾಂಕ್ ಪರೀಕ್ಷೆಗೆ ಓದೋರ ನೆಮ್ಮದಿ ದೊಡ್ಡದು. ಅದಕ್ಕೇ ಕ್ಯಾಶ್ ಇರಬೇಕಾದ್ದು ಪುಸ್ತಕದ ಸಾಲುಗಳ ಮಧ್ಯೆ, ಮೇಜುಗಳ ಹತ್ತಿರ ಅಲ್ಲ. ಅದೂ ಅಲ್ಲದೆ ಇದು ಗುಂಪು ಕಟ್ಕೊಂಡು ಕೂಗಾಡೋ ಆಟ ಅಲ್ಲ. ಬೇರೆಯವರಿಗೆ ಗೊತ್ತಾಗದ ಹಾಗೆ ಹುಡುಕೋದೇ ಇದರ ಮರ್ಯಾದೆ.

"ಸಿಬ್ಬಂದಿಗೆ ಇನ್ನೊಂದು ತಲೆನೋವು." ಇದೂ ನಿಜ. ಹಾಗಾಗಿ ನನ್ನ ಮೊದಲ ಷರತ್ತು: ಲೈಬ್ರೇರಿಯನ್ ಒಪ್ಪದೆ ಒಂದು ಬೆಂಕಿಪೊಟ್ಟಣವನ್ನೂ ಇಡಬೇಡಿ. ಜಾಗದವರ ಅನುಮತಿ ಬೇಕು ಅನ್ನೋದು ಜಿಯೋಕ್ಯಾಶಿಂಗ್‌ನ ಮೂಲ ನಿಯಮಗಳಲ್ಲೇ ಇದೆ. ಹೇಳದೆ ಕೇಳದೆ ಇಟ್ಟ ಡಬ್ಬಿ ನೋಡಿ ಬಾಂಬ್ ಅಂತ ಹೆದರಿ ಪೊಲೀಸರು ಓಡಿ ಬಂದ ಪ್ರಸಂಗಗಳು ಹೊರದೇಶಗಳಲ್ಲಿ ನಡೆದಿವೆ. ಸರ್ಕಾರಿ ಕಟ್ಟಡದಲ್ಲಿ ಅಂಥ ಹುಡುಗಾಟ ಬೇಡ. ಡಬ್ಬಿ ಮೇಲೆ "ಇದು ಆಟದ ಡಬ್ಬಿ" ಅಂತ ಕನ್ನಡದಲ್ಲಿ ದಪ್ಪಗೆ ಬರೆದಿರಲಿ, ತಿಂಗಳಿಗೊಮ್ಮೆ ಹೋಗಿ ನೋಡ್ಕೊಳ್ಳೋದು ಇಟ್ಟವರ ಕೆಲಸ ಆಗಿರಲಿ.

(5/6)
ನನಗೆ ನಿಜವಾಗ್ಲೂ ತೂಕ ಇದೆ ಅನ್ನಿಸೋ ಆಕ್ಷೇಪಣೆ ಬೇರೆ. ಈ ಆಟಕ್ಕೆ ಸ್ಮಾರ್ಟ್‌ಫೋನ್ ಬೇಕು, ಡೇಟಾ ಬೇಕು, ಇಂಗ್ಲಿಷ್ ಬೇಕು. ಲೈಬ್ರರಿಗೆ ದಿನಾ ಬರೋ ಎಷ್ಟೋ ಮಕ್ಕಳ ಹತ್ತಿರ ಇವು ಇರಲ್ಲ. ದುಡ್ಡಿಲ್ಲದವರೂ ತಲೆಯೆತ್ತಿ ಒಳಗೆ ಬರಬಹುದಾದ ಜಾಗ ಊರಲ್ಲಿ ಇದೊಂದೇ ಉಳಿದಿರೋದು. ಅಲ್ಲೂ ಫೋನ್ ಇದ್ದವರಿಗೇ ಒಂದು ಆಟ ಇಟ್ರೆ ಅದು ಅನ್ಯಾಯ.

ಪರಿಹಾರ ಸುಲಭ. ಒಗಟು ಕನ್ನಡದಲ್ಲಿರಲಿ. ಅದರ ಒಂದು ಪ್ರತಿ ನೋಟಿಸ್ ಬೋರ್ಡ್ ಮೇಲೂ ಇರಲಿ. ದೂರದಿಂದ ಬರೋರು ಜಿಪಿಎಸ್ ಹಿಡಿದು ಬರಲಿ, ಆಗಲೇ ಒಳಗಿರೋ ಹುಡುಗಿ ಬೋರ್ಡ್ ನೋಡಿ ಶುರು ಮಾಡಲಿ. ಉತ್ತರ ಗೂಗಲ್‌ನಲ್ಲಿ ಸಿಗಬಾರದು, ಅದೇ ಕಟ್ಟಡದ ಪುಸ್ತಕ ತೆರೆದ್ರೆ ಮಾತ್ರ ಸಿಗಬೇಕು. ಇಂಥ ಪುಸ್ತಕದ ಎಷ್ಟನೇ ಪುಟದಲ್ಲಿ ಎರಡನೇ ಅಧ್ಯಾಯ ಶುರುವಾಗುತ್ತೆ, ಇಂಥ ನಿಘಂಟಿನಲ್ಲಿ "ಕೋಶ" ಪದ ಯಾವ ಪುಟದಲ್ಲಿದೆ, ಅಷ್ಟು ಸಾಕು.

ಇದು ಪರದೇಶದ ಖಯಾಲಿ ಅಂತ ಅನ್ನೋರಿಗೆ ಎಸ್. ಆರ್. ರಂಗನಾಥನ್ ಅವರನ್ನ ನೆನಪಿಸ್ತೀನಿ. ಗಣಿತದ ಮೇಷ್ಟ್ರಾಗಿದ್ದು ಲೈಬ್ರೇರಿಯನ್ ಆದವರು. 1962ರಲ್ಲಿ ಬೆಂಗಳೂರಲ್ಲಿ ಡಿಆರ್‌ಟಿಸಿ ಶುರು ಮಾಡಿದ್ರು, 1972ರಲ್ಲಿ ಇಲ್ಲೇ ತೀರಿಕೊಂಡ್ರು. 1931ರಲ್ಲಿ ಅವರು ಕೊಟ್ಟ ಐದು ಸೂತ್ರಗಳಲ್ಲಿ ಒಂದರ ತಾತ್ಪರ್ಯ: ಪ್ರತಿ ಪುಸ್ತಕಕ್ಕೂ ಎಲ್ಲೋ ಒಬ್ಬ ಓದುಗ ಇದ್ದಾನೆ, ಅವರಿಬ್ಬರನ್ನ ಸೇರಿಸೋದು ಲೈಬ್ರರಿಯ ಕೆಲಸ. ವರ್ಷಗಟ್ಟಲೆ ಯಾರೂ ಮುಟ್ಟದ ಸಾಲಿನ ಮುಂದೆ ಒಬ್ಬಳು ಹತ್ತು ನಿಮಿಷ ನಿಲ್ಲೋ ಹಾಗೆ ಮಾಡಿದ್ರೆ, ಡಬ್ಬಿ ಸಿಗೋ ಮೊದಲು ಅವಳ ಕೈಗೆ ಪಕ್ಕದ ಪುಸ್ತಕ ಸಿಕ್ಕಿರುತ್ತೆ. ಅಸಲಿ ನಿಧಿ ಅದೇ.

(6/6)
"ದೇಶ ಸುತ್ತು, ಕೋಶ ಓದು" ಅಂತ ಹಿರಿಯರು ಹೇಳಿದ್ದು ಎರಡು ಕೆಲಸ. ಈ ಆಟದಲ್ಲಿ ಎರಡೂ ಒಟ್ಟಿಗೇ ಆಗುತ್ತೆ.

ಈ ವಾರ ಹೀಗೆ ಮಾಡಿ. ಡಬ್ಬಿ ಬೇಡ, ಆ್ಯಪ್ ಬೇಡ. ನಿಮ್ಮ ಹತ್ತಿರದ ಲೈಬ್ರರಿಗೆ ಹೋಗಿ, ಯಾರನ್ನೂ ಕೇಳದೆ ಕನ್ನಡ ಸಾಹಿತ್ಯದ ಕಾಲ್ ನಂಬರ್ ಹುಡುಕಿ. ಅಲ್ಲಿ ಬೇರೆ ಪದ್ಧತಿ ಇದ್ರೆ ಸಂಖ್ಯೆ ಬೇರೆ ಇರುತ್ತೆ, ಅದೇ ಮೊದಲ ಒಗಟು ಅಂದ್ಕೊಳ್ಳಿ. ಸಿಕ್ಕಿದ್ರೆ ಲೈಬ್ರೇರಿಯನ್ ಹತ್ತಿರ ಕ್ಯಾಶ್ ವಿಷಯ ಮಾತಾಡಿ. ಸಿಗಲಿಲ್ಲ ಅಂದ್ರೆ ಸಲಹಾ ಪುಸ್ತಕ ಕೇಳಿ, "ಸಿಗಲಿಲ್ಲ" ಅಂತ ಬರೆದು ಸಹಿ ಹಾಕಿ ಬನ್ನಿ. ಎರಡೂ ಉಪಯೋಗದ ಕೆಲಸವೇ.

#ಲೈಬ್ರರಿ #ಜಿಯೋಕ್ಯಾಶಿಂಗ್ #ದೇಶಸುತ್ತುಕೋಶಓದು