ದಡಕ್ಕೊಂದು ವಿಮೆ ಬೇಡವೇ?

ನಮ್ಮ ತೋಟದಲ್ಲಿರುವುದು ಎಂಬತ್ತು ತೆಂಗಿನ ಮರ. ಅಷ್ಟಕ್ಕೂ ವಿಮೆ ಮಾಡಿಸಬೇಕೆಂದು ನಾನು ಹಟ ಹಿಡಿದಾಗ ನಮ್ಮ ಮನೆಯವರು ನಕ್ಕುಬಿಟ್ಟರು. "ನೆಟ್ಟಗೆ ನಿಂತಿರೋ ಮರಕ್ಕೂ ಎಲ್‌ಐಸಿ ಏನೇ?" ಅಂದರು. ತೆಂಗು ಅಭಿವೃದ್ಧಿ ಮಂಡಳಿಯ ಯೋಜನೆಯಲ್ಲಿ ಹದಿನೈದು ವರ್ಷದವರೆಗಿನ ಮರಕ್ಕೆ 9 ರೂಪಾಯಿ, ಅದಕ್ಕೆ ಮೇಲ್ಪಟ್ಟದ್ದಕ್ಕೆ 14 ರೂಪಾಯಿ ವರ್ಷದ ಕಂತು. ಅದರಲ್ಲೂ ಅರ್ಧ ಮಂಡಳಿಯದು, ಕಾಲು ಭಾಗ ರಾಜ್ಯ ಸರ್ಕಾರದ್ದು, ನಮಗೆ ಉಳಿಯುವುದು ಕಾಲು ಭಾಗ. ಒಂದು ಎಳನೀರಿನ ದುಡ್ಡೂ ಅಲ್ಲ. ಲೆಕ್ಕ ಬಿಡಿಸಿ ತೋರಿಸಿದ ಮೇಲೆ ಅವರ ನಗು ನಿಂತಿತು.

ಈ ಮಾತು ಈಗೇಕೆ ಎಂದರೆ, ಒಂದು ಬೇಸಿಗೆಯ ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಳುತ್ತಾ ಬಾಗಿಲಿಗೆ ಬಂದಳು. "ಮಿಸ್, ಮೀನೆಲ್ಲಾ ಬೆಳ್ಳಗೆ ತೇಲ್ತಾ ಅವೆ." ಅವಳ ಗಂಡ ಇನ್ನೂ ನಾಲ್ಕು ಜನರ ಜೊತೆ ಸೇರಿ ಊರಾಚೆಯ ಕೆರೆಯೊಂದರ ಮೀನನ್ನು ಹರಾಜಿನಲ್ಲಿ ಹಿಡಿದಿದ್ದ. ಮೀನುಮರಿ ತರಲು ಅಡ ಇಟ್ಟದ್ದು ಇವಳ ಓಲೆ, ಇವಳ ಸರ. ಹೋಗಿ ನೋಡಿದೆ. ಕಟ್ಲಾ, ರೋಹು ಹೊಟ್ಟೆ ಮೇಲೆ ಮಾಡಿ ದಡ ತುಂಬಿದ್ದವು. ನೀರು ತಗ್ಗಿ ಪಾಚಿ ದಟ್ಟವಾದರೆ ರಾತ್ರಿಯೆಲ್ಲ ಆ ಪಾಚಿಯೇ ನೀರಿನ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತದೆ. ಬೆಳಗಿನ ಜಾವಕ್ಕೆ ಮೀನು ಬಾಯಿ ಬಿಡುತ್ತದೆ. ಇದನ್ನು ಎಷ್ಟೋ ವರ್ಷ ಪಾಠ ಮಾಡಿದವಳು ನಾನು. ಅಂದು ಬಾಯಿಂದ ಮಾತು ಹೊರಡಲಿಲ್ಲ.

ನಷ್ಟ ಅಲ್ಲಿಗೇ ಮುಗಿಯಲಿಲ್ಲ. ಸತ್ತ ಮೀನಿನ ನೀರು ಕುಡಿದು ದನಕ್ಕೆ ಕಾಯಿಲೆಯಾಯಿತೆಂದು ಊರವರು ಅವಳ ಮನೆಯ ಮುಂದೆ ನಿಂತರು. ಕೆರೆಯನ್ನು ಹರಾಜು ಹಾಕಿ ದುಡ್ಡೆಣಿಸಿಕೊಂಡವರನ್ನು ಕೇಳಿದರೆ, "ಕರಾರಿನಲ್ಲೇ ಇದೆಯಲ್ಲಮ್ಮ, ಎಲ್ಲಾ ನಷ್ಟಕ್ಕೂ ಗುತ್ತಿಗೆದಾರನೇ ಹೊಣೆ" ಎಂದು ಕಾಗದ ತೋರಿಸಿದರು. ಕೆರೆ ಅವರದು, ದುಡ್ಡು ಅವರದು, ಹೊಣೆ ಮಾತ್ರ ಓಲೆ ಅಡವಿಟ್ಟವಳದು. ಇದು ಯಾವ ನ್ಯಾಯ?

ಇದೇ ತಕರಾರು ಸಮುದ್ರದ ದಡದಲ್ಲಿಯೂ ಇದೆ. ಮರಿನಾ ಎಂದರೆ ನಮ್ಮ ಬಸ್ ಸ್ಟ್ಯಾಂಡಿನ ಸೈಕಲ್ ಸ್ಟ್ಯಾಂಡ್ ಇದ್ದ ಹಾಗೆ; ಬಾಡಿಗೆ ಕೊಟ್ಟು ದೋಣಿ ಕಟ್ಟಿ ಹೋಗುವ ಜಾಗ. ಅದರ ಮಗ್ಗುಲಲ್ಲೇ ಮೀನು, ಸಿಂಪಿ ಸಾಕಿದರೆ ಏನಾಗುತ್ತದೆಂದು ಫ್ರಾನ್ಸ್ ದೇಶದ ಅರ್ಕಶಾನ್ ಕೊಲ್ಲಿಯವರು ಪಾಠ ಕಲಿತರು. ಅಲ್ಲಿ ದೋಣಿಗಳ ತಳಕ್ಕೆ ಬಳಿಯುತ್ತಿದ್ದ ತವರದ ಬಣ್ಣ ನೀರಿಗಿಳಿದು 1970ರ ದಶಕದ ಕೊನೆಯ ಹೊತ್ತಿಗೆ ಸಿಂಪಿಯ ಮರಿಗಳೇ ಉಳಿಯದಂತಾದವು. 1982ರಲ್ಲಿ ಆ ಸರ್ಕಾರ ಸಣ್ಣ ದೋಣಿಗಳಿಗೆ ಆ ಬಣ್ಣವನ್ನು ನಿಷೇಧಿಸಿತು. ಬಣ್ಣ ಬಳಿದವನು ಒಬ್ಬ, ಬಾಡಿಗೆ ಪಡೆದವನು ಇನ್ನೊಬ್ಬ, ಹೊಟ್ಟೆಯ ಮೇಲೆ ತಣ್ಣೀರು ಬಟ್ಟೆ ಹಾಕಿಕೊಂಡವನು ಮತ್ತೊಬ್ಬ. ನಮ್ಮ ಉಡುಪಿ ಜಿಲ್ಲೆಯ ಬೈಂದೂರಿನಲ್ಲೂ ಮರಿನಾ ಕಟ್ಟುವ ಮಾತು 2022ರಲ್ಲಿ ಕೇಳಿಬಂತು. ಅಲ್ಲೇ ಪಕ್ಕದ ಉಪ್ಪುಂದದ ಕಡೆ ಪಂಜರದಲ್ಲಿ ಮೀನು ಸಾಕಿದವರಿದ್ದಾರೆ. ದೋಣಿಯ ಎಣ್ಣೆ ಸೋರಿ ಪಂಜರದ ಮೀನು ಸತ್ತರೆ ಯಾರು ಕೊಡಬೇಕು? ಬಿರುಗಾಳಿಗೆ ಪಂಜರ ಕಿತ್ತುಹೋಗಿ ದೋಣಿಗೆ ಬಡಿದರೆ ಯಾರು ಕೊಡಬೇಕು? ಇವು ಕಟ್ಟೆ ಕಟ್ಟುವ ಮೊದಲೇ ಕೇಳಬೇಕಾದ ಪ್ರಶ್ನೆಗಳು.

ಸರ್ಕಾರ ಏನೂ ಮಾಡಿಲ್ಲವೆಂದು ನಾನು ಹೇಳುವುದಿಲ್ಲ. 2020ರ ಮತ್ಸ್ಯ ಸಂಪದ ಯೋಜನೆಯಲ್ಲಿ ಮೀನುಗಾರ ಅಪಘಾತದಲ್ಲಿ ಸತ್ತರೆ 5 ಲಕ್ಷ ರೂಪಾಯಿಯ ವಿಮೆ ಇದೆ. 2024ರ ಫೆಬ್ರುವರಿಯಲ್ಲಿ ಒಪ್ಪಿಗೆ ಪಡೆದ ಉಪಯೋಜನೆಯಲ್ಲಿ ಮೀನಿನ ಬೆಳೆಗೂ ವಿಮೆ ಬಂತು. ಕಂತಿನ ನೂರಕ್ಕೆ 40ರಷ್ಟನ್ನು ಸಹಾಯಧನವಾಗಿ ಕೊಡುತ್ತಾರೆ. ಹೆಂಗಸರಿಗೆ ಇನ್ನೂ ಹತ್ತರಷ್ಟು ಜಾಸ್ತಿ ಎಂದು ಓದಿ ನಾನೂ ಹಿಗ್ಗಿದೆ. ಆಮೇಲೆ ಲೆಕ್ಕ ಹಾಕಿದೆ. ಹತ್ತರಷ್ಟು ಎಂದರೆ ಕಂತಿನಲ್ಲಲ್ಲ, ಸಹಾಯಧನದಲ್ಲಿ! ಸಾವಿರ ರೂಪಾಯಿ ಕಂತಿಗೆ ಗಂಡಸಿಗೆ 400 ಆದರೆ ಹೆಂಗಸಿಗೆ 440. ಹೋಗಲಿ, ಅದನ್ನೂ ಸೆರಗಿಗೆ ಕಟ್ಟಿಕೊಳ್ಳೋಣವೆಂದರೆ, ಈ ಸಹಾಯ 4 ಹೆಕ್ಟೇರಿನೊಳಗಿನ ನೀರಿಗೆ ಮಾತ್ರ. ಅಂದರೆ ಸುಮಾರು ಹತ್ತು ಎಕರೆ. ನಮ್ಮ ಹುಳಿಯಾರು ಕೆರೆಯಂಥದ್ದನ್ನು ಹತ್ತು ಎಕರೆಗೆ ಮಡಚಿಡುವುದು ಹೇಗೆ? ಸ್ವಂತ ಹೊಂಡ ತೋಡಿಸಿಕೊಂಡ ಅನುಕೂಲಸ್ಥನಿಗೆ ವಿಮೆ ಸಿಕ್ಕೀತು, ಊರ ಕೆರೆಯನ್ನು ಐದು ಮನೆಯವರು ಸೇರಿ ಹಿಡಿದರೆ ಅವರಿಗಿಲ್ಲ.

"ಬಡವರ ಮೇಲೆ ಇನ್ನೊಂದು ಕಂತಿನ ಭಾರ ಯಾಕೆ ಮೇಡಂ?" ಎಂದು ನಮ್ಮ ಸ್ಟಾಫ್ ರೂಮಿನಲ್ಲೇ ಕೇಳಿದವರಿದ್ದಾರೆ. ಸ್ವಾಮಿ, ನಾನು ಬಡವರ ಮೇಲೆ ಹೊರಿಸಿ ಎಂದೆನೇ? ನನ್ನ ಹಳೆಯ ಸ್ಕೂಟಿ ರಸ್ತೆಗಿಳಿಯಬೇಕಾದರೆ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. 2021ರ ಒಳನಾಡು ಹಡಗು ಕಾಯಿದೆ ಯಂತ್ರದ ದೋಣಿಗೂ ವಿಮೆ ಬೇಕೆನ್ನುತ್ತದೆ. ಹಾಗಿದ್ದಮೇಲೆ ಕೆರೆಯನ್ನೋ ಬಂದರು ಕಟ್ಟೆಯನ್ನೋ ಬಾಡಿಗೆಗೆ ಕೊಟ್ಟು ದುಡ್ಡು ಪಡೆಯುವವರು ತಮ್ಮ ದಡದಲ್ಲಿ ಆಗುವ ಹಾನಿಗೆ ಒಂದು ವಿಮೆ ಮಾಡಿಸಬಾರದೇಕೆ? ಹರಾಜಿನ ದುಡ್ಡಿನಲ್ಲೇ ಕಂತು ಕಟ್ಟಲಿ. ಬಾಡಿಗೆ ಪಡೆದ ಮೇಲೆ ಹೊಣೆಯ ಪಾಲನ್ನೂ ಹೊರಬೇಕು.

ಇನ್ನೆರಡು ಮಾತು. ಆ ಪಾಲಿಸಿ ಕನ್ನಡದಲ್ಲಿರಲಿ. ಯಾವ ಸಾವಿಗೆ ದುಡ್ಡುಂಟು, ಯಾವುದಕ್ಕಿಲ್ಲ, ಮೀನು ತೇಲಿದ ದಿನ ಮೊದಲು ಯಾರಿಗೆ ತಿಳಿಸಬೇಕು ಎಂಬುದನ್ನು ಏಳನೇ ಕ್ಲಾಸು ಓದಿದವಳು ಓದಿ ತಿಳಿಯುವಂತಿರಲಿ. ಗುತ್ತಿಗೆಯ ಕಾಗದದಲ್ಲಿ ಗಂಡನ ಹೆಸರಿನ ಜೊತೆಗೆ, ಓಲೆ ಕೊಟ್ಟವಳ ಹೆಸರೂ ಇರಲಿ.

ಕೆರೆ ತುಂಬಿದ ವರ್ಷ ನಾವು ಹೆಂಗಸರು ಮೊರ ತುಂಬಿ ಗಂಗಮ್ಮನಿಗೆ ಬಾಗಿನ ಕೊಡುತ್ತೇವೆ. ಇನ್ನುಮುಂದೆ ಬಾಗಿನ ಕೊಡಲು ಹೋದಾಗ, ಅಲ್ಲಿ ಹಾರ ಹಾಕಿಸಿಕೊಳ್ಳಲು ನಿಂತಿರುವವರನ್ನು ಕೇಳಿ: "ಈ ದಡಕ್ಕೆ ವಿಮೆ ಮಾಡಿಸಿದ್ದೀರಾ?" ಆ ಹುಡುಗಿಯ ಕಿವಿಯಲ್ಲಿ ಇವತ್ತಿಗೂ ಬೇವಿನ ಕಡ್ಡಿಯೇ ಇದೆ.