ಗಾಳ ಹಿಡಿದು ಊರೂರು ತಿರುಗುವವರು

ಹೊಳೆಬದಿಯಲ್ಲಿ ಗಾಳ ಹಾಕಿ ಕುಳಿತ ಹುಡುಗನನ್ನು ಕಂಡರೆ ನಮ್ಮಲ್ಲಿ "ಇವನಿಗೆ ಓದು ತಲೆಗೆ ಹತ್ತುವುದಿಲ್ಲ" ಎಂದು ತೀರ್ಪು ಕೊಟ್ಟುಬಿಡುತ್ತೇವೆ. ಅಮೆರಿಕದಲ್ಲಿ ಅಂಥ ಹುಡುಗನಿಗೆ ಕಾಲೇಜಿನ ಹೆಸರು ಬರೆದ ಅಂಗಿ ತೊಡಿಸಿ ಸ್ಪರ್ಧೆಗೆ ಕಳುಹಿಸುವುದುಂಟು. ಬಾಸ್ ಎಂಬುದು ಅಲ್ಲಿಯ ಸಿಹಿನೀರಿನ ಮೀನು. ಒಂದು ದೋಣಿಗೆ ಇಬ್ಬರು ವಿದ್ಯಾರ್ಥಿಗಳು. ಅವರ ಐದು ಮೀನುಗಳ ಒಟ್ಟು ತೂಕದ ಮೇಲೆ ಸೋಲು ಗೆಲುವು. ಕಾರಿನ ಹಿಂದೆ ದೋಣಿ ಕಟ್ಟಿಕೊಂಡು ರಾತ್ರಿಯಿಡೀ ಓಡಿಸಿ, ಬೇರೆ ರಾಜ್ಯದ ಸರೋವರ ಸೇರುತ್ತಾರೆ.

ಈ ಮೀನಿಗೆ ಸ್ಪರ್ಧೆಯ ಗೀಳು ಹತ್ತಿಸಿದವನು ರೇ ಸ್ಕಾಟ್ ಎಂಬ ವಿಮೆ ಮಾರುವ ಮನುಷ್ಯ. 1967ರಲ್ಲಿ ಅರ್ಕನ್ಸಾದ ಬೀವರ್ ಸರೋವರದಲ್ಲಿ ಮೊದಲ ದೊಡ್ಡ ಪಂದ್ಯ ನಡೆಸಿದ. 1972ರಿಂದ, ಹಿಡಿದ ಮೀನನ್ನು ತೂಗಿ ಜೀವಂತ ಬಿಡಬೇಕು ಎಂಬ ಪದ್ಧತಿ ತಂದ. ಸತ್ತ ಮೀನು ತಂದರೆ ತೂಕದಲ್ಲಿ ಕಡಿತ. ಹಾಗಾಗಿ ದೋಣಿಯಲ್ಲೇ ನೀರಿನ ತೊಟ್ಟಿ, ಅದಕ್ಕೆ ಗಾಳಿಯೂದುವ ಪಂಪು. ಪಂಪು ಯಾಕೆ ಬೇಕು ಎಂಬುದು ನಮ್ಮ ಎಂಟನೇ ತರಗತಿಯವರಿಗೂ ತಿಳಿಯುವ ವಿಷಯ. 10 ಡಿಗ್ರಿ ಸೆಲ್ಸಿಯಸ್ ನೀರಿನ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿದರೆ, 30 ಡಿಗ್ರಿಯಲ್ಲಿ ಏಳೂವರೆ ಮಾತ್ರ. ಬೇಸಿಗೆಯಲ್ಲಿ, ಬಿಸಿನೀರಿನಲ್ಲಿ ಕೊಳೆಯೂ ಸೇರಿದರೆ ಏನಾಗುತ್ತದೆ? ನಮ್ಮ ಫಲ್ಗುಣಿಯಲ್ಲಿ ಮೀನು ಸತ್ತು ತೇಲಿದ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದವರು ಉತ್ತರ ಹೇಳಿಯಾರು.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಸಂಗತಿ. ತೂಕದ ಕಟ್ಟೆ ಇರುವುದು ಒಂದು ದಡದಲ್ಲಿ. ಮೀನು ಸಿಕ್ಕಿದ್ದು ಮೈಲುಗಟ್ಟಲೆ ಆಚೆ. ತೂಗಿದ ಮೇಲೆ ಬಿಡುವುದು ಹೆಚ್ಚಾಗಿ ಈ ದಡದಲ್ಲೇ. ಕೆಲವು ಮೀನುಗಳು ಹುಡುಕಿಕೊಂಡು ತಮ್ಮ ಹಳೆಯ ಜಾಗಕ್ಕೆ ಹೋಗುತ್ತವೆ. ಬಹಳಷ್ಟು ಹೋಗುವುದಿಲ್ಲ, ಬಿಟ್ಟಲ್ಲೇ ಸುತ್ತಮುತ್ತ ಉಳಿದುಬಿಡುತ್ತವೆ. ವಸಂತಕಾಲದಲ್ಲಿ ಗಂಡು ಬಾಸ್ ಬಾಲದಿಂದ ತಳ ಗುಡಿಸಿ ಗೂಡು ಮಾಡಿ, ಮೊಟ್ಟೆಗೆ ಕಾವಲು ನಿಲ್ಲುತ್ತದೆ. ಕಾವಲುಗಾರನನ್ನೇ ಗಾಳ ಎಳೆದೊಯ್ದರೆ ಸಣ್ಣ ಮೀನುಗಳಿಗೆ ಹಬ್ಬ.

ನನ್ನ ತಂಗಿಯ ಸಂಸಾರ ಅಲಬಾಮಾದಲ್ಲಿದೆ. ಅವಳ ಮಗ ಕಾಲೇಜಿನ ಮೀನು ತಂಡದಲ್ಲಿದ್ದಾನೆ. ಅವನ ಊರಿಗೆ ಹತ್ತಿರದ ದೊಡ್ಡ ನೀರು ಗಂಟರ್ಸ್‌ವಿಲ್ ಸರೋವರ. ಹೆಸರಿಗೆ ಸರೋವರ, ನಿಜದಲ್ಲಿ 1939ರಲ್ಲಿ ಪೂರ್ತಿಯಾದ ಅಣೆಕಟ್ಟಿನ ಹಿನ್ನೀರು. ಅದಕ್ಕಾಗಿ ಸಾವಿರಕ್ಕೂ ಹೆಚ್ಚು ಕುಟುಂಬಗಳು ಮನೆ ಬಿಟ್ಟು ಎದ್ದವು. ಈ ಮಾತು ಹೇಳಿದಾಗ ನಮ್ಮ ಅಮ್ಮ, "ಹಾಗಾದರೆ ಅಲ್ಲಿಯೂ ಉಂಟು" ಎಂದರು. ಬಂದರಿಗಾಗಿ ಪಣಂಬೂರಿನಿಂದ ಎದ್ದು ಬಂದವರಿಗೆಂದೇ ಆದದ್ದು ನಮ್ಮ ಕಾಟಿಪಳ್ಳದ ಬ್ಲಾಕುಗಳು. ಬಂದರಿನ ಉದ್ಘಾಟನೆ 1975ರಲ್ಲಿ. ಇಷ್ಟು ವರ್ಷವಾದರೂ ಅಮ್ಮನನ್ನು ಊರು ಯಾವುದೆಂದು ಕೇಳಿದರೆ ಪಣಂಬೂರು ಎನ್ನುತ್ತಾರೆ. ನಾನು ಕಾಟಿಪಳ್ಳ ಎನ್ನುತ್ತೇನೆ. ಅಳಿಯ ಏನು ಹೇಳಬೇಕು?

ಕಳೆದ ಡಿಸೆಂಬರಿನಲ್ಲಿ ಬಂದಾಗ ಅವನು ತನ್ನ ಮಡಚುವ ಗಾಳದ ಕೋಲನ್ನೂ ತಂದಿದ್ದ. ನೆರೆಮನೆಯ ಹಿರಿಯರೊಬ್ಬರೊಂದಿಗೆ ಕೂಳೂರಿಗೆ ಕಳುಹಿಸಿದೆ. ಅಲ್ಲಿ ಅವನ ದೋಣಿಯಲ್ಲಿ ನೀರಿನಡಿಯ ಮೀನನ್ನು ಪರದೆಯ ಮೇಲೆ ತೋರಿಸುವ ಸೋನಾರ್ ಉಂಟು. ಇಲ್ಲಿ ಒಂದು ಗಂಟೆ ಕುಳಿತರೂ ಎಳೆತವಿಲ್ಲ. ಹಿರಿಯರು ಎಲೆಯಡಿಕೆ ಜಗಿಯುತ್ತಾ, "ನೀರು ತಿರುಗಲಿ" ಎಂದರಂತೆ. ಸರೋವರದಲ್ಲಿ ಬೆಳೆದವನಿಗೆ ನೀರು ತಿರುಗುವುದು ಗೊತ್ತಿಲ್ಲ! ಉಬ್ಬರ ಏರತೊಡಗಿದ ಮೇಲೆ ಸಿಗಡಿಯ ತುಂಡಿಗೆ ಕಾಣೆ ಕಚ್ಚಿತು. ಹುಡುಗ ಅಭ್ಯಾಸಬಲದಿಂದ ಅದನ್ನು ಬಿಡಿಸಿ ನೀರಿಗೆ ಬಿಟ್ಟ. ಕಾಣೆಗೆ ಪೇಟೆಯಲ್ಲಿ ಎಷ್ಟು ರೇಟಿದೆ ಎಂದು ಬಲ್ಲ ಹಿರಿಯರ ಮುಖ ನೀವೇ ಊಹಿಸಿ. "ಬಿಡುವುದಾದರೆ ಹಿಡಿದದ್ದು ಯಾಕೆ ಮಾರಾಯ?"

ರಾತ್ರಿ ಅವನು ನನ್ನಲ್ಲಿ ಹೇಳಿದ, "ಮಾವ, ಪರ ಊರಿನ ಸರೋವರಕ್ಕೆ ಹೋದಾಗಲೆಲ್ಲ ಅಲ್ಲಿಯ ಹುಡುಗರೇ ಮುಂದೆ. ಯಾವ ಬುಡದ ಕೆಳಗೆ, ಯಾವ ಗಾಳಿಗೆ ಮೀನು ಬರುತ್ತದೆ ಎಂದು ಅವರಿಗೆ ಗೊತ್ತು. ನನಗೆ ಗೊತ್ತಿರುವುದು ನಮ್ಮ ನೀರು ಮಾತ್ರ." ಹಾಗೆ ಗೊತ್ತು ಎನ್ನಲು ಅವನಿಗೆ ಒಂದು ನೀರಾದರೂ ಇದೆ. ನನ್ನ ತರಗತಿಯಲ್ಲಿ ಉಬ್ಬರವಿಳಿತದ ಕಾರಣವನ್ನು ಐದು ಅಂಕಕ್ಕೆ ತಪ್ಪಿಲ್ಲದೆ ಬರೆಯುವವರಿದ್ದಾರೆ. ಫಲ್ಗುಣಿಯ ನೀರು ಮೇಲಕ್ಕೆ ಹರಿಯುವುದನ್ನು ಕಂಡವರು ಎಷ್ಟು ಮಂದಿ ಎಂದರೆ ಕೈ ಏಳುವುದಿಲ್ಲ. ಇವರಲ್ಲಿ ಅರ್ಧ ಮಂದಿ ನಾಳೆ ಬೆಂಗಳೂರಿಗೋ ಕೊಲ್ಲಿಗೋ ಹೋಗುವವರೇ. ಹೋಗಲಿ, ಬೇಡವೆನ್ನುವುದಿಲ್ಲ.

ಪಾಲಕರಲ್ಲಿ ಒಂದು ಕೋರಿಕೆ. ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಮಕ್ಕಳ ಜೊತೆ ಕೂಳೂರು ಸೇತುವೆಯ ಬಳಿ ದಡದಲ್ಲಿ ನಿಲ್ಲಿ, ನೀರಿಗಿಳಿಯುವುದು ಬೇಡ. ತೇಲುವ ಎಲೆಯೊಂದನ್ನು ನೋಡಿ, ನೀರು ಸಮುದ್ರದತ್ತವೋ ಊರಿನತ್ತವೋ ಎಂದು ಸಮಯ ಸಹಿತ ಬರೆದಿಡಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ. ಏಳು ದಿನಕ್ಕೆ ಹತ್ತಿರ ಹತ್ತಿರ ಆರು ಗಂಟೆ. ಮುಂದಿನ ಭಾನುವಾರ ಅದೇ ಹೊತ್ತಿಗೆ ಹೋದರೆ ಎಲೆ ಯಾವ ಕಡೆ ಹೋದೀತು? ಮಕ್ಕಳು ಮೊದಲೇ ಲೆಕ್ಕ ಹಾಕಿ ಹೇಳಲಿ, ಆಮೇಲೆ ಹೋಗಿ ನೋಡಿ.